ನಟವರ್ಯ ಬಳ್ಳಾರಿ ರಾಘವಾಚಾರ್ಯರು

ಕವಿಯು ಕಾಲವಾದ ಮೇಲೆ ಅವನ ಕಾವ್ಯ ಉಳಿಯುತ್ತದೆ. ಶಿಲ್ಪಿಯು ಅಳಿದರೂ ಅವನು ಕಡೆದ ವಿಗ್ರಹ ಗುಡಿಯಲ್ಲಿ ನಿಂತಿರುತ್ತದೆ. ರಂಗಭೂಮಿಯ ನಟನಿಗೆ ಅಂತಹ ಭಾಗ್ಯವಿಲ್ಲ. ತೆರೆ ಬಿದ್ದೊಡನೆ ಅವನ ಕೃತಿಯೂ ಮರೆಯಾಗುತ್ತದೆ. ನೋಡಿದವರ ನೆನಪೇ ಅವನಿಗೆ ಗ್ರಂಥ. ಆ ನೆನಪನ್ನು ಹೊತ್ತವರೂ ಗತಿಸಿದ ಬಳಿಕ ನಟನೊಬ್ಬನ ಹೆಸರು ನಾಡಿನಲ್ಲಿ ಉಳಿದಿದ್ದರೆ, ಅವನು ಜನರನ್ನು ಒಂದು ರಾತ್ರಿ ರಂಜಿಸಿದ್ದಕ್ಕಿಂತ ಹೆಚ್ಚಿನದೇನನ್ನೋ ಸಾಧಿಸಿದ್ದನೆಂದು ತಿಳಿಯಬೇಕು. ಬಳ್ಳಾರಿ ರಾಘವಾಚಾರ್ಯರು ಅಂತಹ ನಟರು. ಅವರು ತೀರಿಕೊಂಡು ಸುಮಾರು ಎಂಟು ದಶಕಗಳು ಸಂದಿವೆ. ಆದರೂ ಕನ್ನಡಿಗರೂ ತೆಲುಗರೂ ಅವರನ್ನು ತಮ್ಮವರೆಂದೇ ಹೇಳಿಕೊಳ್ಳುತ್ತಾರೆ. ಮನೆಯಲ್ಲಿ ಒಂದು ನುಡಿಯನ್ನೂ ಬೀದಿಯಲ್ಲಿ ಮತ್ತೊಂದು ನುಡಿಯನ್ನೂ ಕೇಳುತ್ತ ಬೆಳೆಯುವ ನಗರದ ವಿದ್ಯಾರ್ಥಿಗಳು ಅವರ ಚರಿತ್ರೆಯನ್ನು ಅವಶ್ಯವಾಗಿ ತಿಳಿಯಬೇಕು.

ರಾಘವಾಚಾರ್ಯರು 1880ನೆಯ ಇಸವಿ ಆಗಸ್ಟ್ 2ರಂದು ತಾಡಿಪತ್ರಿಯಲ್ಲಿ ಜನಿಸಿದರು. ತಂದೆ ನರಸಿಂಹಾಚಾರ್ಯರು, ತಾಯಿ ಶೇಷಮ್ಮನವರು. ತಾಡಿಪತ್ರಿಯು ಇಂದು ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯಲ್ಲಿದೆ. ಅವರು ಹುಟ್ಟಿದಾಗ ಅನಂತಪುರವು ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಆ ಸೀಮೆಯೆಲ್ಲ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1882ರಲ್ಲಿ ಅದನ್ನು ವಿಭಾಗಿಸಿ ಅನಂತಪುರ ಜಿಲ್ಲೆಯನ್ನು ಮಾಡಿದರು. ಬಳ್ಳಾರಿಯಾದರೋ ಆಗ ಮದ್ರಾಸ್ ಆಧಿಪತ್ಯಕ್ಕೆ ಒಳಪಟ್ಟಿದ್ದ ಊರು. ಅಲ್ಲಿನ ಅಂಗಡಿಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ನಡೆಯುತ್ತಿದ್ದವು; ನ್ಯಾಯಾಲಯದಲ್ಲಿ ಇಂಗ್ಲಿಷ್ ನಡೆಯುತ್ತಿತ್ತು. ಈ ಊರೇ ರಾಘವರನ್ನು ಬೆಳೆಸಿತು. ಅವರ ಹೆಸರಿನೊಡನೆ ಸೇರಿಯೂ ಹೋಯಿತು.

ರಾಘವರು ಹುಟ್ಟಿದ ವರ್ಷವೇ ತೆಲುಗು ರಂಗಭೂಮಿಗೂ ಒಂದು ಶುಭವರ್ಷವಾಗಿತ್ತು. 1880ರಲ್ಲಿ ಧಾರವಾಡದ ನಾಟಕ ಮಂಡಳಿಯೊಂದು ಆಂಧ್ರದ ಕರಾವಳಿಯ ಊರುಗಳಲ್ಲಿ ಸಂಚರಿಸಿ ನಾಟಕಗಳನ್ನಾಡಿತು. ರಾಜಮಹೇಂದ್ರಿಯಲ್ಲಿ ಆ ಮಂಡಳಿಯವರು ಬಿಟ್ಟುಹೋದ ಚಪ್ಪರದಲ್ಲಿಯೇ ಸಮಾಜಸುಧಾರಕರಾದ ಕಂದುಕೂರಿ ವೀರೇಶಲಿಂಗಂ ಪಂತುಲು ಅವರು ತಮ್ಮ ವಿದ್ಯಾರ್ಥಿಗಳಿಂದ ತೆಲುಗು ನಾಟಕವನ್ನಾಡಿಸಿದರು. ಕನ್ನಡನಾಡಿನಿಂದ ಹೋದವರು ಕಟ್ಟಿದ ಚಪ್ಪರದಲ್ಲಿ ತೆಲುಗಿನ ನಾಟಕ ಕಣ್ಣು ತೆರೆಯಿತೆಂಬುದು ನಾವು ಸಂತೋಷದಿಂದ ನೆನೆಯಬೇಕಾದ ಸಂಗತಿ.

ಬಳ್ಳಾರಿಯಲ್ಲಿ ನಾಟಕದ ದೀಪವನ್ನು ಹಚ್ಚಿದವರು ಇಬ್ಬರು ವಕೀಲರು. ಒಬ್ಬರು ಧರ್ಮವರಂ ರಾಮಕೃಷ್ಣಮಾಚಾರ್ಯರು, ರಾಘವರಿಗೆ ಸೋದರಮಾವ. ಇವರು ಸರಸ ವಿನೋದಿನಿ ಸಭೆಯನ್ನು ಸ್ಥಾಪಿಸಿ, ತಾವೇ ನಾಟಕಗಳನ್ನು ರಚಿಸಿ, ತಾವೇ ಪಾತ್ರಧಾರಿಗಳಾಗಿ ನಿಂತು ಆಡಿಸಿದರು. ತೆಲುಗಿಗೆ ದುಃಖಾಂತ ನಾಟಕವನ್ನು ತಂದುಕೊಟ್ಟವರು ಇವರೇ. ಇವರ ‘ವಿಷಾದ ಸಾರಂಗಧರ’ ಆ ಬಗೆಯ ಕೃತಿ. ಆಂಧ್ರರು ಇವರನ್ನು ನಾಟಕ ಪಿತಾಮಹರೆಂದು ಗೌರವಿಸುತ್ತಾರೆ. ಮತ್ತೊಬ್ಬರು ಕೋಲಾಚಲಂ ಶ್ರೀನಿವಾಸರಾಯರು. ಇವರದು ಸುಮನೋರಮಾ ಸಭೆ. ಚರಿತ್ರೆಯಿಂದ ವಸ್ತುವನ್ನಾರಿಸಿ ನಾಟಕ ಬರೆಯುವುದರಲ್ಲಿ ಇವರು ಪ್ರಸಿದ್ಧರು. ಒಂದೇ ಊರಿನಲ್ಲಿ ಎರಡು ಸಭೆಗಳಿದ್ದ ಮೇಲೆ ಸ್ಪರ್ಧೆ ಇದ್ದೇ ಇರುತ್ತದೆ. ಆ ಸ್ಪರ್ಧೆಯ ಫಲವನ್ನು ಉಂಡವನು ಬಾಲಕ ರಾಘವ. ಮನೆಯಲ್ಲಿ ಮಾವನ ನಾಟಕಾಭ್ಯಾಸವನ್ನು ಕಾಣುತ್ತ ಬೆಳೆದ ಅವನಿಗೆ ರಂಗಸ್ಥಳವು ಆಟದ ಬಯಲಿನಷ್ಟೇ ಪರಿಚಿತವಾಯಿತು.

ಹಾಗೆಂದು ಅವರು ಓದನ್ನು ಕಡೆಗಣಿಸಲಿಲ್ಲ. ಬಳ್ಳಾರಿಯ ವಾರ್ಡ್ಲಾ ಪ್ರೌಢಶಾಲೆಯಲ್ಲಿ ಕಲಿತು, ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1905ರಲ್ಲಿ ನ್ಯಾಯಶಾಸ್ತ್ರದ ಪದವಿಯನ್ನು ಪಡೆದರು. ಬಳ್ಳಾರಿಗೆ ಹಿಂದಿರುಗಿ ವಕೀಲಿ ವೃತ್ತಿಯನ್ನು ಕೈಗೊಂಡು, ಮುಂದೆ ಸರ್ಕಾರಿ ವಕೀಲರೂ ಆದರು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಅವರಿಗೆ ಎಳವೆಯಿಂದಲೂ ಅಪಾರ ಪ್ರೀತಿ. ಬಳ್ಳಾರಿಯಲ್ಲಿ ಷೇಕ್ಸ್‌ಪಿಯರ್ ಕ್ಲಬ್ ಎಂಬ ಕೂಟವನ್ನು ಕಟ್ಟಿಕೊಂಡು ಆ ನಾಟಕಗಳನ್ನು ಇಂಗ್ಲಿಷಿನಲ್ಲಿಯೇ ಅಭಿನಯಿಸಿದರು. ಒಥೆಲೋ, ಷೈಲಾಕ್ ಮೊದಲಾದ ಪಾತ್ರಗಳಲ್ಲಿ ಹೆಸರು ಗಳಿಸಿದರು. ಹಗಲು ನ್ಯಾಯಾಲಯ, ಇರುಳು ನಾಟಕಶಾಲೆ: ಹೀಗೆ ಅವರ ಜೀವನ ಸಾಗಿತು. ವಕೀಲಿಯಿಂದ ಸಂಸಾರ ನಡೆಯುತ್ತಿದ್ದುದರಿಂದ ಅವರು ನಾಟಕವನ್ನು ಹಣಸಂಪಾದನೆಯ ದಾರಿಯಾಗಿ ಮಾಡಿಕೊಳ್ಳಲಿಲ್ಲ; ಅವರು ಪಾತ್ರ ವಹಿಸಿದ ಆಟಗಳ ಉತ್ಪನ್ನವು ಅನೇಕ ವೇಳೆ ಸಾರ್ವಜನಿಕ ಕಾರ್ಯಗಳಿಗೆ ಸಲ್ಲುತ್ತಿತ್ತು.

ಅಂದಿನ ರಂಗಭೂಮಿಯ ಸ್ಥಿತಿಯನ್ನು ತಿಳಿಯದೆ ರಾಘವರ ಹಿರಿಮೆಯನ್ನು ಅಳೆಯುವಂತಿಲ್ಲ. ಆಗ ನಾಟಕವೆಂದರೆ ಮುಖ್ಯವಾಗಿ ಹಾಡು. ಧ್ವನಿವರ್ಧಕವಿಲ್ಲದ ಕಾಲ; ಹಿಂದಿನ ಸಾಲಿನ ಪ್ರೇಕ್ಷಕನಿಗೂ ಕೇಳಿಸುವಂತೆ ಕಂಠವೆತ್ತಿ ಹಾಡಬಲ್ಲವನೇ ದೊಡ್ಡ ನಟ. ರಾಜನು ಯುದ್ಧಕ್ಕೆ ಹೊರಟರೂ ಹಾಡು, ತಾಯಿಯು ಮಗನನ್ನು ಕಳೆದುಕೊಂಡರೂ ಹಾಡು. ಒಂದು ಪದ್ಯ ಮನಸ್ಸಿಗೆ ಹಿಡಿಸಿದರೆ ಜನರು ಒನ್ಸ್ ಮೋರ್ ಎಂದು ಕೂಗುತ್ತಿದ್ದರು. ಆಗ ನಟನು ಕಥೆಯನ್ನು ಅಲ್ಲಿಯೇ ನಿಲ್ಲಿಸಿ, ಹಾರ್ಮೋನಿಯಂ ವಾದಕನ ಕಡೆಗೆ ತಿರುಗಿ, ಅದೇ ಪದ್ಯವನ್ನು ಮತ್ತೆ ಎತ್ತಿಕೊಳ್ಳುತ್ತಿದ್ದನು. ಸಂಗೀತವು ಬೆಳೆಯಿತು, ನಿಜ. ಆದರೆ ಪಾತ್ರದ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂಬುದು ಹಿಂದೆ ಬಿದ್ದಿತು.

ಪದ್ಯಗಳಿಗೂ ಹಾಡುಗಳಿಗೂ ತೆಲುಗು ನಾಟಕದಲ್ಲಿ ದೊಡ್ಡ ಸ್ಥಾನವನ್ನು ಕೊಟ್ಟವರಲ್ಲಿ ರಾಘವರ ಮಾವನವರೇ ಪ್ರಮುಖರು. ಆ ಮನೆಯಲ್ಲಿ ಬೆಳೆದ ಅಳಿಯನೇ ಹಾಡಿನ ಅತಿರೇಕವನ್ನು ತಡೆಯಲು ಮುಂದಾದನು. ಇದು ಹಿರಿಯರ ಮೇಲಿನ ಅವಿಧೇಯತೆಯಲ್ಲ. ಮಾವನವರಿಂದ ನಾಟಕದ ಪ್ರೀತಿಯನ್ನು ಪಡೆದ ರಾಘವರು, ಆ ಪ್ರೀತಿಯ ಬಲದಿಂದಲೇ ನಾಟಕವನ್ನು ಮುಂದಕ್ಕೆ ಕೊಂಡೊಯ್ದರು. ಆಡುವ ಮಾತು ಆಡಿದಂತೆಯೇ ಇರಬೇಕು, ದುಃಖಿಯು ರಾಗಾಲಾಪನೆ ಮಾಡುವುದಿಲ್ಲ, ಮೌನಕ್ಕೂ ಅರ್ಥವುಂಟು ಎಂಬುದು ಅವರ ಮತವಾಗಿತ್ತು. ಆದುದರಿಂದ ಅವರು ಪದ್ಯಗಳನ್ನು ಕಡಿಮೆ ಮಾಡಿ ಗದ್ಯಕ್ಕೆ ಪ್ರಾಶಸ್ತ್ಯ ಕೊಟ್ಟರು. ಕಣ್ಣಿನ ನೋಟ, ಮುಖದ ಭಾವ, ದನಿಯ ಏರಿಳಿತ ಇವುಗಳಿಂದಲೇ ಪಾತ್ರದ ಅಂತರಂಗವನ್ನು ತೋರಿಸಿದರು. ವಿಶಾಖಪಟ್ಟಣಕ್ಕೆ ಸಮೀಪದ ವಿಜಯನಗರದಲ್ಲಿ ಗುರಜಾಡ ಅಪ್ಪಾರಾಯರು ‘ಕನ್ಯಾಶುಲ್ಕಂ’ ನಾಟಕದ ಮೂಲಕ ಬಳಕೆಯ ಮಾತಿಗೆ ಸಾಹಿತ್ಯದಲ್ಲಿ ಸ್ಥಾನ ದೊರಕಿಸಿದರು. ರಂಗದ ಮೇಲೆ ಸಹಜವಾದ ಮಾತಿಗೆ ಗೌರವ ದೊರಕಿಸಿದವರಲ್ಲಿ ರಾಘವರು ಅಗ್ರಗಣ್ಯರು.

ಇದು ಸುಲಭದ ಕೆಲಸವಾಗಿರಲಿಲ್ಲವೆಂಬುದನ್ನು ನಾವು ಗಮನಿಸಬೇಕು. ಹಾಡಿಗಾಗಿ ಹಣ ಕೊಟ್ಟು ಬಂದ ಪ್ರೇಕ್ಷಕನಿಗೆ ಹಾಡನ್ನು ಕೊಡದಿದ್ದರೆ ಅವನು ಮುನಿಯುತ್ತಾನೆ. ಕೈಗೆ ಎಟಕುವ ಚಪ್ಪಾಳೆಯನ್ನು ಬಿಟ್ಟುಕೊಟ್ಟು, ಪ್ರೇಕ್ಷಕನನ್ನೇ ಹೊಸ ರುಚಿಗೆ ಅಣಿಗೊಳಿಸುವುದಕ್ಕೆ ಧೈರ್ಯ ಬೇಕು, ತಾಳ್ಮೆಯೂ ಬೇಕು. ರಾಘವರಿಗೆ ಎರಡೂ ಇದ್ದವು.

ಅವರು ವಹಿಸಿದ ಪಾತ್ರಗಳಲ್ಲಿ ಹರಿಶ್ಚಂದ್ರ, ದುರ್ಯೋಧನ, ರಾಮದಾಸ ಮೊದಲಾದವು ಹೆಸರಾದವು. ಇವೆಲ್ಲಕ್ಕಿಂತಲೂ ಕೀರ್ತಿ ತಂದುದು ಪಠಾಣ ರುಸ್ತುಮನ ಪಾತ್ರ. ಕೋಲಾಚಲಂ ಶ್ರೀನಿವಾಸರಾಯರು ವಿಜಯನಗರ ಸಾಮ್ರಾಜ್ಯದ ಪತನವನ್ನು ಕುರಿತು ಬರೆದ ನಾಟಕದಲ್ಲಿ ಈ ಪಾತ್ರ ಬರುತ್ತದೆ. ಬಳ್ಳಾರಿಯಿಂದ ಹಂಪೆ ದೂರವೇನೂ ಅಲ್ಲ. 1565ರ ಯುದ್ಧದಲ್ಲಿ ಆ ಸಾಮ್ರಾಜ್ಯವು ಮುರಿದುಬಿದ್ದ ಕಥೆ ಆ ಸೀಮೆಯ ಜನರಿಗೆ ತಮ್ಮ ಮನೆಯ ದುಃಖದಂತಿತ್ತು. ಅಂತಹ ಪ್ರೇಕ್ಷಕರ ಮುಂದೆ ಪಠಾಣನಾಗಿ ನಿಂತು ಅವರ ಮೆಚ್ಚಿಕೆಯನ್ನು ಗಳಿಸುವುದೆಂದರೆ ನಟನಿಗೆ ದೊಡ್ಡ ಪರೀಕ್ಷೆ. ಎದುರು ಪಕ್ಷದವನನ್ನು ಬರಿಯ ದುಷ್ಟನೆಂದು ಅಬ್ಬರಿಸಿ ತೋರಿಸುವ ದಾರಿ ಸಲೀಸಾದುದು. ರಾಘವರು ಆ ದಾರಿಯನ್ನು ಹಿಡಿಯಲಿಲ್ಲ. ರುಸ್ತುಮನನ್ನು ಅಭಿಮಾನವೂ ನೋವೂ ಉಳ್ಳ ಮನುಷ್ಯನಾಗಿ ಕಾಣಿಸಿದರು. ಷೈಲಾಕನಂತಹ, ದುರ್ಯೋಧನನಂತಹ ಪಾತ್ರಗಳು ಅವರಿಗೆ ಒಲಿದುದಕ್ಕೂ ಇದೇ ಕಾರಣ. ಎಲ್ಲರೂ ದೂಷಿಸುವವನ ಒಳಗೆ ಹೊಕ್ಕು, ಅವನ ಕಡೆಯಿಂದಲೂ ಲೋಕವನ್ನು ನೋಡಬಲ್ಲ ಶಕ್ತಿ ಅವರಲ್ಲಿತ್ತು. ನ್ಯಾಯಾಲಯದಲ್ಲಿ ದಿನವೂ ವಾದಿ ಪ್ರತಿವಾದಿಗಳನ್ನು ಕಾಣುತ್ತಿದ್ದ ವಕೀಲರಿಗೆ ಈ ದೃಷ್ಟಿ ಸಹಜವಾಗಿಯೇ ಬಂದಿರಬಹುದು.

ತೆಲುಗು, ಕನ್ನಡ, ಹಿಂದಿ, ಇಂಗ್ಲಿಷ್ ಈ ನಾಲ್ಕು ಭಾಷೆಗಳಲ್ಲಿಯೂ ರಾಘವರು ಅಭಿನಯಿಸಿದರು. ಬೆಂಗಳೂರಿನಲ್ಲಿ 1909ರಲ್ಲಿ ಹುಟ್ಟಿದ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ ಎಂಬ ಹವ್ಯಾಸಿ ನಟರ ಸಂಸ್ಥೆಯೊಡನೆ ಅವರಿಗೆ ನಿಕಟವಾದ ಸಂಬಂಧವಿತ್ತು. ಹೊಟ್ಟೆಪಾಡಿಗಾಗಿ ಊರೂರು ತಿರುಗುವ ಕಂಪನಿಗಳಿಗಿಂತ ಭಿನ್ನವಾಗಿ, ಬೇರೆ ಬೇರೆ ಉದ್ಯೋಗಗಳಲ್ಲಿದ್ದ ವಿದ್ಯಾವಂತರು ಕಲೆಯ ಮೇಲಣ ಪ್ರೀತಿಯಿಂದ ಸೇರಿ ನಾಟಕವಾಡುವ ಪದ್ಧತಿಯನ್ನು ಇಂತಹ ಸಂಸ್ಥೆಗಳು ಬೆಳೆಸಿದವು. ನಾಟಕವಾಡುವುದು ಕೀಳು ಕಸುಬೆಂದು ಭಾವಿಸಿದ್ದ ಗೃಹಸ್ಥರು, ಹೆಸರಾಂತ ವಕೀಲರೊಬ್ಬರು ಬಣ್ಣ ಹಚ್ಚಿಕೊಂಡು ನಿಂತುದನ್ನು ಕಂಡು ತಮ್ಮ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು.

1927ರಲ್ಲಿ ಮಹಾತ್ಮ ಗಾಂಧಿಯವರು ಅನಾರೋಗ್ಯದ ನಿಮಿತ್ತ ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ವಿಶ್ರಾಂತಿ ಪಡೆಯುತ್ತಿದ್ದರು. ಆ ಸಂದರ್ಭದಲ್ಲಿ ಅವರ ಸಮ್ಮುಖದಲ್ಲಿ ‘ದೀನಬಂಧು ಕಬೀರ’ ಎಂಬ ನಾಟಕವನ್ನು ಹಿಂದಿಯಲ್ಲಿ ಪ್ರಯೋಗಿಸಲಾಯಿತು. ಕಬೀರನ ಪಾತ್ರದಲ್ಲಿ ರಾಘವರು ನಿಂತರು. ವಿನೋದಗಳಿಗೆ ಸಮಯ ಕೊಡದ ಗಾಂಧೀಜಿಯವರು ಆ ನಾಟಕವನ್ನು ಮೆಚ್ಚಿಕೊಂಡರು. ಹಿಂದೂ ಮುಸಲ್ಮಾನರಿಬ್ಬರಿಗೂ ಬೇಕಾದ ನೇಕಾರ ಸಂತನನ್ನು, ಪಠಾಣ ರುಸ್ತುಮನನ್ನು ಅರಿತಿದ್ದ ನಟನು ಅಭಿನಯಿಸಿದ್ದು ಬಹಳ ಯುಕ್ತವಾಗಿತ್ತು.

1920ರ ದಶಕದ ಕೊನೆಯ ಭಾಗದಲ್ಲಿ ರಾಘವರು ಇಂಗ್ಲೆಂಡಿಗೆ ಹೋಗಿ ಅಲ್ಲಿಯ ರಂಗಭೂಮಿಯನ್ನು ಪ್ರತ್ಯಕ್ಷವಾಗಿ ಕಂಡರು. ಪ್ರಸಿದ್ಧ ನಾಟಕಕಾರರಾದ ಬರ್ನಾರ್ಡ್ ಷಾ ಅವರನ್ನು ಭೇಟಿಯಾದರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಸಹಜಾಭಿನಯವನ್ನು ಕುರಿತ ಆಲೋಚನೆ ಆಗ ಜಗತ್ತಿನ ಬೇರೆ ಕಡೆಗಳಲ್ಲಿಯೂ ನಡೆದಿತ್ತು. ರಷ್ಯಾ ದೇಶದ ಮಾಸ್ಕೋ ನಗರದಲ್ಲಿ ಸ್ತಾನಿಸ್ಲಾವ್‌ಸ್ಕಿ ಎಂಬ ನಟ ನಿರ್ದೇಶಕರು 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರನ್ನು ಇನ್ನೊಬ್ಬರ ಸಹಾಯದಿಂದ ಸ್ಥಾಪಿಸಿ, ನಟನು ಪಾತ್ರದ ಮನಸ್ಸನ್ನು ಒಳಗಿನಿಂದ ಅರಿಯಬೇಕೆಂದು ಬೋಧಿಸುತ್ತಿದ್ದರು. ಮಾಸ್ಕೋ ಎಲ್ಲಿ, ಬಳ್ಳಾರಿ ಎಲ್ಲಿ! ಆದರೂ ಇಬ್ಬರು ಕಲಾವಿದರು ತಮ್ಮ ತಮ್ಮ ದಾರಿಯಿಂದ ಒಂದೇ ಸತ್ಯದ ಸಮೀಪಕ್ಕೆ ಬಂದುದು ಸೋಜಿಗ.

ರಾಘವರು ಕೈಗೊಂಡ ಕಾರ್ಯಗಳಲ್ಲಿ ಅತ್ಯಂತ ಕಠಿಣವಾದುದು ಸ್ತ್ರೀಯರನ್ನು ರಂಗಭೂಮಿಗೆ ಕರೆತಂದುದು. ಸುರಭಿ ಕುಟುಂಬದವರ ಮಂಡಳಿಗಳಂತಹ ಕೆಲವನ್ನು ಬಿಟ್ಟರೆ, ಅಂದು ಸ್ತ್ರೀಪಾತ್ರಗಳನ್ನು ಪುರುಷರೇ ಮಾಡುತ್ತಿದ್ದರು. ಸ್ಥಾನಂ ನರಸಿಂಹರಾಯರಂತಹ ನಟರು ಸ್ತ್ರೀಪಾತ್ರದಲ್ಲಿ ಅಸಾಧಾರಣ ಕೀರ್ತಿ ಪಡೆದಿದ್ದರು. ಅವರ ಕೌಶಲವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಸಹಜತೆಯೇ ನಾಟಕದ ಜೀವವೆಂದ ಮೇಲೆ ಸೀತೆಯನ್ನೂ ಚಂದ್ರಮತಿಯನ್ನೂ ಸ್ತ್ರೀಯರೇ ಅಭಿನಯಿಸಬೇಕಷ್ಟೆ. ರಾಘವರು ಈ ಮಾತನ್ನು ಸಭೆಯಲ್ಲಿ ಹೇಳಿ ಸುಮ್ಮನಾಗಲಿಲ್ಲ. ವಿದ್ಯಾವಂತರಾದ ಸ್ತ್ರೀಯರನ್ನು ಪ್ರೋತ್ಸಾಹಿಸಿ ತಮ್ಮ ನಾಟಕಗಳಲ್ಲಿ ಪಾತ್ರ ಕೊಟ್ಟರು. ಕೊಮ್ಮೂರಿ ಪದ್ಮಾವತೀದೇವಿಯವರು ಹೀಗೆ ಅವರೊಡನೆ ಅಭಿನಯಿಸಿದವರಲ್ಲಿ ಒಬ್ಬರು. ಗೃಹಿಣಿಯೊಬ್ಬಳು ಪರಪುರುಷರೊಡನೆ ರಂಗದ ಮೇಲೆ ನಿಂತರೆ ಅವಳ ಮನೆತನಕ್ಕೇ ಅಪವಾದ ಬರುತ್ತಿದ್ದ ಕಾಲವದು. ಆ ಅಪವಾದದ ಭಾರವನ್ನು ನಟನಿಗಿಂತ ಹೆಚ್ಚಾಗಿ ಹೊತ್ತವರು ಆ ಸ್ತ್ರೀಯರು. ರಾಘವರ ಹೆಸರನ್ನು ಹೇಳುವಾಗ ಅವರ ಧೈರ್ಯವನ್ನೂ ನೆನೆಯುವುದು ನ್ಯಾಯ.

ನಾಟಕದ ವಸ್ತುವೂ ಬದಲಾಗಬೇಕೆಂದು ರಾಘವರು ಬಯಸಿದರು. ಪಿ. ವಿ. ರಾಜಮನ್ನಾರ್ ಎಂಬ ಯುವಕ ವಕೀಲರು ‘ತಪ್ಪೆವರಿದಿ’ ಎಂಬ ಸಾಮಾಜಿಕ ನಾಟಕವನ್ನು ತೆಲುಗಿನಲ್ಲಿ ಬರೆದಾಗ, ಅದನ್ನು ರಂಗಕ್ಕೆ ತಂದವರು ರಾಘವರು. ತಪ್ಪು ಯಾರದು ಎಂಬುದು ಆ ಹೆಸರಿನ ಅರ್ಥ. ದೇವತೆಗಳೂ ರಾಜರೂ ಇಲ್ಲದ, ನಮ್ಮ ನಿಮ್ಮಂತಹವರ ಸಂಸಾರದ ಸಂಕಟವನ್ನು ಎತ್ತಿಕೊಂಡ ನಾಟಕವದು. ರಾಜಮನ್ನಾರ್ ಅವರು ಮುಂದೆ 1948ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾದರು. ಸಂಗೀತ ನಾಟಕ ಅಕಾಡೆಮಿಯ ಮೊದಲ ಅಧ್ಯಕ್ಷರೂ ಆದರು.

1930ರ ದಶಕದಲ್ಲಿ ದಕ್ಷಿಣದ ಭಾಷೆಗಳಲ್ಲಿ ವಾಕ್ಚಿತ್ರಗಳು ಬಂದವು. ನಾಟಕದ ಹಿರಿಯ ನಟರನ್ನೆಲ್ಲ ಚಿತ್ರ ತಯಾರಕರು ಅರಸಿಕೊಂಡು ಹೋದರು. 1936ರಲ್ಲಿ ‘ದ್ರೌಪದೀ ಮಾನಸಂರಕ್ಷಣಂ’ ಎಂಬ ತೆಲುಗು ಚಿತ್ರದಲ್ಲಿ ರಾಘವರು ದುರ್ಯೋಧನನಾದರು. ಅದೇ ವರ್ಷ ಅದೇ ಕಥೆಯ ಮೇಲೆ ‘ದ್ರೌಪದೀ ವಸ್ತ್ರಾಪಹರಣಂ’ ಎಂಬ ಇನ್ನೊಂದು ಚಿತ್ರವೂ ಹೊರಬಂದಿತು. ಜನರು ಎರಡನೆಯದನ್ನು ಮೆಚ್ಚಿದರು. ರಾಘವರ ಚಿತ್ರ ಸೋತಿತು. ರಂಗಭೂಮಿಯಲ್ಲಿ ಒಂದು ಪಾತ್ರವು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಬೆಳೆಯುತ್ತದೆ. ಪ್ರೇಕ್ಷಕನ ನಿಟ್ಟುಸಿರೂ ನಟನಿಗೆ ಕೇಳಿಸುತ್ತದೆ. ಚಿತ್ರಶಾಲೆಯಲ್ಲಾದರೋ ಕೊನೆಯ ದೃಶ್ಯವನ್ನು ಮೊದಲು ಆಡಬೇಕಾದೀತು, ಎದುರಿಗಿರುವುದು ಯಂತ್ರ. ಐವತ್ತೈದು ವರ್ಷ ದಾಟಿದ, ಕೀರ್ತಿಯ ಶಿಖರದಲ್ಲಿದ್ದ ನಟರು ಹೊಸ ಕಲೆಯಲ್ಲಿ ಎಳೆಯ ವಿದ್ಯಾರ್ಥಿಯಂತೆ ನಿಲ್ಲಬೇಕಾಯಿತು.

ಆದರೂ ಅವರು ಚಿತ್ರರಂಗಕ್ಕೆ ಬೆನ್ನು ತೋರಿಸಲಿಲ್ಲ. 1939ರಲ್ಲಿ ಗೂಡವಲ್ಲಿ ರಾಮಬ್ರಹ್ಮಂ ಅವರು ನಿರ್ದೇಶಿಸಿದ ‘ರೈತುಬಿಡ್ಡ’ ಎಂಬ ಚಿತ್ರದಲ್ಲಿ ಅವರು ನರಸಿರೆಡ್ಡಿಯೆಂಬ ರೈತನಾದರು. ಈ ರೈತನು ಸಾಹುಕಾರನಲ್ಲಿ ಸಾಲ ಮಾಡಿರುತ್ತಾನೆ. ಚುನಾವಣೆ ಬಂದಾಗ ಜಮೀನ್ದಾರರ ಕಡೆಯ ಅಭ್ಯರ್ಥಿಯನ್ನು ಬಿಟ್ಟು ರೈತರ ಅಭ್ಯರ್ಥಿಗೆ ಮತ ಕೊಡುತ್ತಾನೆ. ಆ ಕಾರಣದಿಂದ ಹಿಂಸೆಗೆ ಗುರಿಯಾಗುತ್ತಾನೆ. ಆಂಧ್ರದ ಕರಾವಳಿಯ ಜಿಲ್ಲೆಗಳಲ್ಲಿ ಜಮೀನ್ದಾರಿ ಪದ್ಧತಿ ಬಲವಾಗಿದ್ದ ದಿನಗಳವು. ಚಿತ್ರವು ಜಮೀನ್ದಾರರ ಕೋಪಕ್ಕೆ ಪಾತ್ರವಾಯಿತು. ಕೆಲವು ಕಡೆಗಳಲ್ಲಿ ಅದರ ಪ್ರದರ್ಶನವನ್ನೇ ನಿಷೇಧಿಸಿದರು. ಬಂಗಾರದ ಕಿರೀಟ ತೊಟ್ಟ ದುರ್ಯೋಧನನು ತರದ ಗೌರವವನ್ನು ಮಣ್ಣಿನ ಮನುಷ್ಯನಾದ ನರಸಿರೆಡ್ಡಿ ತಂದುಕೊಟ್ಟನು. ಮದ್ರಾಸ್ ಪ್ರಾಂತದಲ್ಲಿ ಜಮೀನ್ದಾರಿಯನ್ನು ರದ್ದುಗೊಳಿಸುವ ಕಾನೂನು ಬಂದುದು 1948ರಲ್ಲಿ. ಅದನ್ನು ಕಾಣಲು ರಾಘವರು ಬದುಕಿರಲಿಲ್ಲ. 1940ರಲ್ಲಿ ‘ಚಂಡಿಕ’ ಎಂಬ ಚಿತ್ರದಲ್ಲಿ ಅವರು ಕಣ್ಣಾಂಬಾ ಅವರೊಡನೆ ಅಭಿನಯಿಸಿದರು.

1946ನೆಯ ಇಸವಿ ಏಪ್ರಿಲ್ 16ರಂದು ರಾಘವಾಚಾರ್ಯರು ದೈವಾಧೀನರಾದರು. ಆ ದಿನವು ವೀರೇಶಲಿಂಗಂ ಪಂತುಲು ಅವರ ಜನ್ಮದಿನವೂ ಆಗಿದ್ದು, ತೆಲುಗರು ಅದನ್ನು ರಂಗಭೂಮಿಯ ದಿನವಾಗಿ ಆಚರಿಸುತ್ತಾರೆ. ಹೀಗೆ ಒಂದೇ ದಿನ ತೆಲುಗು ನಾಟಕದ ಆರಂಭಕನನ್ನೂ ಅದರ ಮಹಾನಟನನ್ನೂ ನೆನೆಯುವಂತಾಗಿದೆ. ಅವರು ತೀರಿಕೊಂಡ ಏಳು ವರ್ಷಗಳ ಮೇಲೆ, 1953ರ ಅಕ್ಟೋಬರ್ 1ರಂದು, ಆಂಧ್ರ ರಾಜ್ಯವು ರಚಿತವಾಯಿತು. ಅಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ ಪಟ್ಟಣವು ಮೈಸೂರಿಗೆ ಬಂದಿತು. ಊರು ಯಾರಿಗೆ ಸೇರಬೇಕೆಂದು ಎರಡು ಕಡೆಯವರೂ ಬಿಸಿಯಾಗಿ ವಾದಿಸಿದ ಕಾಲವದು. ಹುಟ್ಟಿದ ಊರು ಒಂದು ರಾಜ್ಯದಲ್ಲಿ, ಬಾಳಿದ ಊರು ಇನ್ನೊಂದು ರಾಜ್ಯದಲ್ಲಿ ಉಳಿದರೂ ರಾಘವರನ್ನು ಮಾತ್ರ ಯಾರೂ ಪಾಲು ಮಾಡಲಾಗಲಿಲ್ಲ. ಬಳ್ಳಾರಿಯಲ್ಲಿ ಅವರ ಹೆಸರಿನ ರಾಘವ ಕಲಾಮಂದಿರದಲ್ಲಿ ಕನ್ನಡ ತೆಲುಗು ನಾಟಕಗಳೆರಡಕ್ಕೂ ತೆರೆ ಏಳುತ್ತದೆ. 1981ರಲ್ಲಿ ಭಾರತ ಸರ್ಕಾರವು ಅವರ ಭಾವಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ವಿದ್ಯಾರ್ಥಿಮಿತ್ರರೇ, ಶಾಲೆಯ ವಾರ್ಷಿಕೋತ್ಸವದಲ್ಲಿ ನಾವೂ ಬಣ್ಣ ಹಚ್ಚಿಕೊಂಡು ನಾಟಕವಾಡುತ್ತೇವೆ. ಖಳನ ಪಾತ್ರ ಬಂದವನು ಮುಖ ಸಿಂಡರಿಸಿಕೊಳ್ಳುವುದೂ, ನೆರೆಹೊರೆಯ ನುಡಿಯನ್ನಾಡುವ ಪಾತ್ರ ಬಂದಾಗ ಆ ನುಡಿಯನ್ನು ಅಣಕಿಸಿ ನಗೆ ಗಿಟ್ಟಿಸುವುದೂ ಉಂಟು. ಅಂತಹ ವೇಳೆಯಲ್ಲಿ ರಾಘವಾಚಾರ್ಯರನ್ನು ನೆನೆಯಬೇಕು. ಎದುರಾಳಿಯ ಪಾತ್ರವನ್ನು ಅವರು ಕೀಳಾಗಿಸಲಿಲ್ಲ. ಪರಭಾಷೆಯನ್ನು ಕಷ್ಟಪಟ್ಟು ಕಲಿತು ಅದರ ಜನರ ಮುಂದೆಯೇ ಆಡಿದರು. ಚಪ್ಪಾಳೆಗಾಗಿ ಪಾತ್ರವನ್ನು ಕೆಡಿಸಲಿಲ್ಲ. ಅವರ ಕಂಠವನ್ನು ನಾವು ಕೇಳಲಿಲ್ಲ, ಅವರ ಹರಿಶ್ಚಂದ್ರನನ್ನು ಕಾಣಲಿಲ್ಲ. ಆದರೆ ಇನ್ನೊಬ್ಬನ ಮನಸ್ಸನ್ನು ಅರಿತು ಆಡುವ ಆ ವಿದ್ಯೆ ಇಂದಿಗೂ ಕಲಿಯುವವರಿಗೆ ತೆರೆದಿದೆ.